ಹರಳೆಣ್ಣೆಯೋ, ಡಬ್ಬದ ಎಣ್ಣೆಯೋ

ಮಧುಗಿರಿಯ ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಕಾಂಪೌಂಡರಾಗಿ ಸೇರಿ ಆಗ ಮೂರು ವರ್ಷವಾಗಿತ್ತು. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಆ ವಾರ ಡಾಕ್ಟರು ಪ್ಲೇಗಿನ ಚುಚ್ಚುಮದ್ದು ಹಾಕಲು ಹಳ್ಳಿಗಳ ಕಡೆ ಕ್ಯಾಂಪು ಹೋಗಿದ್ದರು. ಅವರಿಲ್ಲದ ದಿನ ಗಾಯಕ್ಕೆ ಪಟ್ಟಿ ಕಟ್ಟುವುದು, ಜ್ವರಕ್ಕೆ ಮಿಕ್ಸ್ಚರ್ ಕೊಡುವುದು, ಮಿಕ್ಕದ್ದಕ್ಕೆಲ್ಲ "ಡಾಕ್ಟರು ಬಂದ ಮೇಲೆ ಬನ್ನಿ" ಅನ್ನುವುದು ನನ್ನ ಕೆಲಸ. ಬೆಳಗಿನ ರೋಗಿಗಳೆಲ್ಲ ಕರಗಿದ ಮೇಲೆ ಖಾಕಿ ಕೋಟು ತೊಟ್ಟವನೊಬ್ಬ ಖಾಲಿ ಡಬ್ಬ ಹಿಡಿದುಕೊಂಡು ಬಂದು ಔಷಧದ ಕಿಟಕಿಯ ಮುಂದೆ ನಿಂತ.

"ಸ್ವಾಮಿ, ಹರಳೆಣ್ಣೆ ಬೇಕಾಗಿತ್ತು."

"ಎಷ್ಟು?"

ಡಬ್ಬವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. "ಇದ್ರ ತುಂಬ."

ಅದು ಸೀಮೆಎಣ್ಣೆಯ ಡಬ್ಬ. ಒಂದು ಊರಿಗೆ ಊರನ್ನೇ ಭೇದಿಗೆ ಹಾಕಬಹುದಾದಷ್ಟು ಎಣ್ಣೆ ಹಿಡಿಯುತ್ತಿತ್ತು. ಎಲ್ಲೋ ಯಾವುದೋ ಊಟದಲ್ಲಿ ವಿಷ ಬಿದ್ದಿರಬೇಕು ಅಂತ ನನಗೆ ಗಾಬರಿಯಾಯಿತು.

"ಯಾವೂರು? ಎಷ್ಟು ಜನ ಮಲಗಿದ್ದಾರೆ?"

"ಜನಕ್ಕಲ್ಲ ಸ್ವಾಮಿ. ಕಾರ್‍ಗೆ. ಇಂಜಿನ್ಗೆ ಹುಯ್ಯಾಕೆ."

ಅವನು ತಮಾಷೆ ಮಾಡುತ್ತಿದ್ದಾನೆಯೇ ಎಂದು ಮುಖ ನೋಡಿದೆ. ಇಲ್ಲ. ಮಗುವಿಗೆ ಜ್ವರ ಬಂದ ತಂದೆಯ ಹಾಗೆ ನಿಂತಿದ್ದ. ಅಭ್ಯಾಸಬಲದಿಂದ ನನ್ನ ಬಾಯಿಂದ ಬಂದದ್ದು, "ಏನಾಗಿದೆ ಅದಕ್ಕೆ?"

"ಎಣ್ಣೆ ಕುಡೀತೈತೆ. ಹೊಗೆ ಬುಡ್ತೈತೆ. ಎದುರ್ಗಡೆ ಎಣ್ಣೆ ತೋರ್ಸೋ ಮುಳ್ಳು ಒಂದೊಂದ್ಸಲ ಸರ್ರಂತ ಕೆಳೀಕೆ ಬಂದ್ಬುಡ್ತೈತೆ."

ಅವನು ಮಿಡಿಗೇಶಿಯವನು. ಬೆಂಗಳೂರಿನ ದಂಡಿನಲ್ಲಿ ಒಬ್ಬ ಬಿಳಿ ಅಧಿಕಾರಿಯ ಮನೆಯಲ್ಲಿ ಕಾರು ತೊಳೆದು, ಒರೆಸಿ, ಕೊನೆಕೊನೆಗೆ ಓಡಿಸುವುದನ್ನೂ ಕಲಿತಿದ್ದ. ಅಧಿಕಾರಿ ಸ್ವದೇಶಕ್ಕೆ ಹೊರಟಾಗ ಕಾರನ್ನು ಪಾವಗಡದ ಕಡೆಯ ಒಬ್ಬ ಸಾಹುಕಾರರು ಕೊಂಡುಕೊಂಡರು. ಕಾರಿನ ಜೊತೆಯಲ್ಲೇ ಇವನೂ ಬಂದ. ಗಾಣದ ಹರಳೆಣ್ಣೆ ಬಜಾರಿನಲ್ಲೇ ಸಿಗುತ್ತದಲ್ಲ ಎಂದದ್ದಕ್ಕೆ ತಲೆ ಅಲ್ಲಾಡಿಸಿದ. ಅದರಲ್ಲಿ ಗಷ್ಟು ಇರುತ್ತದಂತೆ. ಆಸ್ಪತ್ರೆಯ ಎಣ್ಣೆ ಕನ್ನಡಿಯ ಹಾಗಿರುತ್ತದೆ, ಜೋರಾಗಿ ಓಡುವ ಕಾರುಗಳಿಗೆ ಅದನ್ನೇ ಹಾಕುತ್ತಾರೆ ಎಂದು ದಂಡಿನಲ್ಲಿ ಯಾರೋ ಹೇಳಿದ್ದನ್ನು ಕೇಳಿದ್ದನಂತೆ.

ಸರ್ಕಾರದ ಔಷಧವನ್ನು ಕಾರಿಗೆ ಕೊಡಲಾಗುವುದಿಲ್ಲ ಎಂದೆ. ಅವನು ಹಿಂದಕ್ಕೆ ತಿರುಗಿ ಹುಣಸೆಮರದ ಕಡೆ ನೋಡಿದ. ಮರದ ನೆರಳಿನಲ್ಲಿ ಕಾರು ನಿಂತಿತ್ತು. ಅಷ್ಟು ಉದ್ದದ ಮುಸುಡಿಯ ಕಾರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಇಂಜಿನ್ನಿನ ಪಕ್ಕದಿಂದ ಮೂರು ದಪ್ಪ ಕೊಳವೆಗಳು ಹೊರಗೆ ಬಂದು ಬಾಗಿ ಕೆಳಗೆ ಇಳಿದಿದ್ದವು. ಕಾರಿನಿಂದ ಜರತಾರಿ ಅಂಚಿನ ರುಮಾಲಿನ, ವಿಭೂತಿ ಧರಿಸಿದ ಹಿರಿಯರೊಬ್ಬರು ಇಳಿದು ಬಂದರು. ಅವರೇ ಸಾಹುಕಾರರು. ಕಡಲೆಕಾಯಿ ಮತ್ತು ಹರಳು ಬೀಜದ ವ್ಯಾಪಾರ ಅವರದು, ಮಾತು ತೆಲುಗು ಬೆರೆತ ಕನ್ನಡ. ಕಂಕುಳಲ್ಲಿ ಒಂದು ದಪ್ಪ ಪುಸ್ತಕ.

"ಏಮಯ್ಯಾ ಕಾಂಪೌಂಡರು, ನೀವು ಇಂಗ್ಲೀಷು ಬಾಗಾ ಓದ್ತೀರಂತೆ. ಎಣ್ಣೆ ಕೊಡದಿದ್ರೆ ಬೇಡ. ಯಾವ ಎಣ್ಣೆ ಅಂತ ಇದ್ರಲ್ಲಿ ನೋಡಿ ಹೇಳ್ರಿ, ಚಾಲು, ಅಷ್ಟೇ ಸಾಕು."

ಅದು ಕಾರಿನ ಪುಸ್ತಕ. ಯಾವುದೋ ದೇಶದ ಭಾಷೆಯಿಂದ ಇಂಗ್ಲಿಷಿಗೆ ತಂದದ್ದು. ವಾಕ್ಯಗಳು ಹಿಂದುಮುಂದಾಗಿ ನಿಂತಿದ್ದವು. ಜಗಲಿಯ ಬೆಂಚಿನ ಮೇಲೆ ಕುಳಿತು ಓದತೊಡಗಿದೆ. ಓದಿದ ಹಾಗೆಲ್ಲ ನನಗೆ ಇಂಗ್ಲಿಷು ಬರುತ್ತದೆ ಎಂಬ ನಂಬಿಕೆ ಕಡಿಮೆಯಾಗುತ್ತ ಬಂತು. ಪದಗಳು ಗೊತ್ತು, ಪದಾರ್ಥ ಗೊತ್ತಿಲ್ಲ. ಬ್ಲೋವರ್ ಎಂಬ ಮಾತು ಪುಟಪುಟಕ್ಕೂ ಬರುತ್ತಿತ್ತು. ಅದೇನೆಂದು ಡ್ರೈವರನ್ನೇ ಕೇಳಬೇಕಾಯಿತು.

"ಕಮ್ಮಾರನ ತಿದಿ ಇಲ್ವ ಸ್ವಾಮಿ, ಅಂಗೆ. ಪೆಡಲ್ನ ತಳದ ತಂಕ ತುಳುದ್ರೆ ಅದು ಎಚ್ಚರಾಯ್ತದೆ. ಇಂಜಿನ್ಗೆ ಗಾಳಿ ತುರುಕ್ತದೆ. ಆಗ ಕಾರು ಕೂಗ್ತದೆ. ಒಂದೇ ಗಳಿಗೆ ತುಳೀಬೇಕು, ಬುಟ್ಬುಡ್ಬೇಕು."

"ಕೂಗೋದು ಅಂದ್ರೆ?"

ಅವನು ಸಾಹುಕಾರರ ಕಡೆ ನೋಡಿದ. ಸಾಹುಕಾರರು ಮೀಸೆಯೊಳಗೇ ನಕ್ಕರು. ಆ ಕೂಗಿಗಾಗಿಯೇ ಅವರು ಕಾರನ್ನು ಕೊಂಡದ್ದು ಅಂತ ನನಗೆ ಆಮೇಲೆ ತಿಳಿಯಿತು. ಬೆಂಗಳೂರಿನ ರಸ್ತೆಯಲ್ಲಿ ಒಂದು ಸಲ ಕೇಳಿದ್ದರಂತೆ. ಕೇಳಿ ಊರಿಗೆ ಬಂದವರಿಗೆ ಎರಡು ತಿಂಗಳು ಬೇರೆ ಧ್ಯಾನವೇ ಇರಲಿಲ್ಲವಂತೆ.

ಎಣ್ಣೆಯ ವಿಷಯ ಇದ್ದ ಪುಟ ಕಡೆಗೂ ಸಿಕ್ಕಿತು. ಅಲ್ಲಿ ಎರಡು ಪ್ಯಾರಾ ಇದ್ದವು. ಮೊದಲನೆಯದು, ಸಾಮಾನ್ಯ ಸಂಚಾರಕ್ಕೆ ಖನಿಜದ ಎಣ್ಣೆ ಹಾಕಿ, ಉಷ್ಣ ದೇಶಗಳಲ್ಲಿ ಭಾರವಾದದ್ದನ್ನು ಹಾಕಿ ಎನ್ನುತ್ತಿತ್ತು. ಎರಡನೆಯದು, ಬ್ಲೋವರನ್ನು ಮತ್ತೆ ಮತ್ತೆ ಉಪಯೋಗಿಸುವವರು ಶುದ್ಧ ಹರಳೆಣ್ಣೆ ಹಾಕುವುದೇ ಮೇಲು ಎನ್ನುತ್ತಿತ್ತು. ಎರಡಕ್ಕೂ ಕೆಳಗೆ ಒಂದೇ ಸಾಲು: ಒಂದರ ಮೇಲೆ ಇನ್ನೊಂದನ್ನು ಎಂದೂ ಸುರಿಯಬೇಡಿ.

ಇಷ್ಟೇ ಆಗಿದ್ದರೆ ಹೇಗೋ ಒಂದು ಅರ್ಥ ಹೇಳುತ್ತಿದ್ದೆ. ಆದರೆ ಅಂಚಿನಲ್ಲಿ ಯಾರೋ ಪೆನ್ಸಿಲಿನಿಂದ ದೊಡ್ಡದಾಗಿ 'ಕೂಡದು' ಎಂದು ಇಂಗ್ಲಿಷಿನಲ್ಲಿ ಬರೆದು ಎರಡು ಗೆರೆ ಎಳೆದಿದ್ದರು. ಹಳೆಯ ಯಜಮಾನನೇ ಬರೆದದ್ದಿರಬೇಕು. ಆ ಮಾತು ನಿಂತಿದ್ದದ್ದು ಸರಿಯಾಗಿ ಎರಡು ಪ್ಯಾರಾಗಳ ನಡುವೆ. ಯಾವುದು ಕೂಡದು? ಪುಸ್ತಕವನ್ನು ದೂರ ಹಿಡಿದು ನೋಡಿದೆ, ಹತ್ತಿರ ಹಿಡಿದು ನೋಡಿದೆ. ಒಂದು ಸಲ ಮೇಲಿನದಕ್ಕೆ ಸೇರಿದಂತೆ ಕಂಡಿತು, ಒಂದು ಸಲ ಕೆಳಗಿನದಕ್ಕೆ.

"ಏನಂತೈತೆ?" ಎಂದರು ಸಾಹುಕಾರರು.

"ಒಂದು ನಿಮಿಷ ಇರಿ" ಎಂದೆ. ಗೊತ್ತಿಲ್ಲ ಎನ್ನಬಹುದಾಗಿತ್ತು. ಆದರೆ ನನಗಾಗ ಇಪ್ಪತ್ತೈದು ವಯಸ್ಸು. ಪಾವಗಡದಿಂದ ಅಷ್ಟು ದೊಡ್ಡ ಮನುಷ್ಯರು ಹುಡುಕಿಕೊಂಡು ಬಂದಿದ್ದಾರೆ, ಅವರ ಮುಂದೆ ಆ ಮಾತು ನಾಲಿಗೆಯ ತುದಿಗೆ ಬರಲಿಲ್ಲ.

'ಭಾರವಾದದ್ದು' ಎಂಬ ಮಾತು ಹಿಡಿದುಕೊಂಡೆ. ಭಾರವನ್ನು ತೂಗಿ ನೋಡಬಹುದಲ್ಲ. ಡ್ರೈವರ್ ಕಾರಿನಲ್ಲಿದ್ದ ಬೆಂಗಳೂರಿನ ಡಬ್ಬದ ಎಣ್ಣೆಯನ್ನು, ಎಂದರೆ ಖನಿಜದ ಎಣ್ಣೆಯನ್ನು, ತಂದ. ಅದರಲ್ಲಿ ಒಂದು ಔನ್ಸು, ನಮ್ಮ ಹರಳೆಣ್ಣೆಯಲ್ಲಿ ಒಂದು ಔನ್ಸು ಅಳೆದು ಔಷಧದ ತಕ್ಕಡಿಯಲ್ಲಿ ಎದುರುಬದುರು ಇಟ್ಟೆ. ಹರಳೆಣ್ಣೆಯ ತಟ್ಟೆ ಕೆಳಗೆ ಹೋಯಿತು. ಹಾಗಾದರೆ ಪುಸ್ತಕ ಹೇಳುವ ಭಾರವಾದ ಎಣ್ಣೆ ಹರಳೆಣ್ಣೆಯೇ. ಆದರೆ ಆ ಪ್ಯಾರಾ ಹೇಳುತ್ತಿರುವುದು ಖನಿಜದ ಎಣ್ಣೆಯ ವಿಷಯ. ಖನಿಜದ ಎಣ್ಣೆಯಲ್ಲಿ ಭಾರವಾದದ್ದು ಎಂದರೆ ಹರಳೆಣ್ಣೆ ಆಗುವುದು ಹೇಗೆ? ತಕ್ಕಡಿಯ ಮುಂದೆ ಕಕ್ಕಾಬಿಕ್ಕಿಯಾಗಿ ನಿಂತೆ. ಬಾಗಿಲಲ್ಲಿ ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು.

ಆಗ ನನಗೆ ತೋಚಿದ್ದು ಕಾಂಪೌಂಡರಿಗೆ ತೋಚುವ ಪ್ರಶ್ನೆ. ಹೊಸ ಔಷಧ ಕೊಡುವ ಮುಂಚೆ ಹಳೆಯದು ಏನು ಕೊಟ್ಟಿದ್ದಾರೆ ಅಂತ ಕೇಳಬೇಕು.

"ಈಗ ಇಂಜಿನ್ನಿನೊಳಗೆ ಯಾವ ಎಣ್ಣೆ ಇದೆ?"

"ಡಬ್ಬದ್ದು" ಎಂದ ಡ್ರೈವರ್. "ಡಬ್ಬದ್ದೇ" ಎಂದರು ಸಾಹುಕಾರರು. ಇಬ್ಬರೂ ಬೇಗ ಹೇಳಿದರು.

ಅದನ್ನು ಪರೀಕ್ಷೆ ಮಾಡಿ ನೋಡಬಹುದು ಎಂದು ನನಗೆ ನೆನಪಾಯಿತು. ಮಿಕ್ಕ ಎಣ್ಣೆಗಳಂತಲ್ಲ ಹರಳೆಣ್ಣೆ, ಸ್ಪಿರಿಟಿನಲ್ಲಿ ಕರಗಿಹೋಗುತ್ತದೆ. ಇದನ್ನು ಕಾಂಪೌಂಡರ್ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಖನಿಜದ ಎಣ್ಣೆ ಕರಗದೆ ತಳದಲ್ಲಿ ಕೂರುತ್ತದೆ. ಇಂಜಿನ್ನಿನ ಎಣ್ಣೆ ಸ್ವಲ್ಪ ತರಲು ಹೇಳಿದೆ. ಇಂಜಿನ್ನಿನ ಕೆಳಗೆ ಎಣ್ಣೆ ನಿಲ್ಲುವ ತೊಟ್ಟಿ ಇರುತ್ತದೆ, ಅದಕ್ಕೆ ಅವರು ಚೇಂಬರು ಅನ್ನುತ್ತಾರೆ. ಡ್ರೈವರ್ ಅದರ ಬಿರಡೆ ಸಡಿಲಿಸಿ ಒಂದು ಲೋಟದಲ್ಲಿ ಕಾಡಿಗೆಯಂಥ ಎಣ್ಣೆ ಹಿಡಿದು ತಂದ. ಸಾಹುಕಾರರು ಜಗಲಿಯಲ್ಲೇ ಕುಳಿತರು.

ಔಷಧದ ಕೋಣೆಯಲ್ಲಿ ನಾನು ಗಾಜಿನ ಕೊಳವೆಗೆ ಎಣ್ಣೆ ಹಾಕಿ, ಅದರ ಮೇಲೆ ಸ್ಪಿರಿಟ್ ಹಾಕಿ ಅಲ್ಲಾಡಿಸುತ್ತಿದ್ದಾಗ ಡ್ರೈವರ್ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದ.

"ಇದ್ರಲ್ಲಿ ಎಲ್ಲಾ ಗೊತ್ತಾಗ್ಬುಡ್ತದ ಸ್ವಾಮಿ?"

"ಸುಮಾರು ಗೊತ್ತಾಗುತ್ತೆ."

ಅವನು ಬಾಗಿಲ ಕಡೆ ನೋಡಿದ. "ಅಂಗಾರೆ ನಾನೇ ಹೇಳ್ಬುಡ್ತೀನಿ. ಹೋದ ತಿಂಗ್ಳು ದಾರೀಲಿ ಎಣ್ಣೆ ಸಾಲ್ದೆ ಬಂತು. ಡಬ್ಬ ಖಾಲಿ. ನಮ್ಮೂರ ಹತ್ರಾನೇ ಇದ್ದೆ. ಮನೇಗೋಗಿ ನಮ್ಮವ್ವನ್ನ ಕೇಳಿ ಹರಳೆಣ್ಣೆ ಈಸ್ಕಂಡು ಹುಯ್ದೆ. ಒಂದ್ಪಾವು ಅಷ್ಟೆ. ಆಮೇಲಿಂದ್ಲೇ ಹೊಗೆ ಬರ್ತೈತೆ. ಸಾವ್ಕಾರ್‍ಗೆ ಹೇಳ್ಬೇಡಿ. ಕೆಲ್ಸ ಹೋಯ್ತದೆ."

"ಹಾಗಿದ್ರೆ ಮತ್ತೆ ಹರಳೆಣ್ಣೆ ಯಾಕೆ ಕೇಳೋಕೆ ಬಂದೆ?"

"ಆಗ್ಲೇ ಬಿದ್ದೋಗೈತಲ್ಲ, ಒಳ್ಳೇದನ್ನೇ ತುಂಬ ಹುಯ್ದುಬುಟ್ರೆ ಸರಿ ಹೋಯ್ತದೇನೋ ಅಂತ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆಸ್ಪತ್ರೆಯ ಆ ಕೋಣೆಯಲ್ಲಿ ಜನ ಹೇಳಿದ್ದನ್ನು ಹೊರಗೆ ಆಡಬಾರದೆಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಅವನು ಹೋಗಿ ಕಾರಿನ ಹತ್ತಿರ ನಿಂತ. ಅವನು ಆ ಕಡೆ ಹೋದದ್ದೇ ತಡ, ಸಾಹುಕಾರರು ಹೊಟ್ಟೆ ಸವರಿಕೊಳ್ಳುತ್ತ ಒಳಗೆ ಬಂದರು.

"ಕೊಂಚೆಂ ಹೊಟ್ಟೆ ಉಬ್ಬರ. ಏನಾದ್ರೂ ಕೊಡ್ರಿ."

ಸೋಡಾ ಮಿಕ್ಸ್ಚರ್ ಬೆರೆಸಿ ಕೊಟ್ಟೆ. ಕುಡಿದು ಲೋಟ ಇಟ್ಟರು. ಹೋಗಲಿಲ್ಲ. ಕೊಳವೆಯ ಕಡೆ ಕಣ್ಣು.

"ಕಾಂಪೌಂಡರೇ, ನಮ್ಮ ಬಂಡಿಗಳಿಗೆಲ್ಲ ಕೀಲೆಣ್ಣೆ ಅಂದ್ರೆ ಹರಳೆಣ್ಣೇನೇ. ನಮ್ಮ ತಾತನ ಕಾಲ್ದಿಂದ. ಆ ಎಣ್ಣೆ ಬಿದ್ದ ಅಚ್ಚು ಸವೆದದ್ದು ನಾನು ನೋಡ್ಲಿಲ್ಲ. ಇದೂ ಬಂಡೀನೇ ಕದಾ. ಅದಕ್ಕೇ ವಾರವಾರ ಬೆಳಿಗ್ಗೆ ಪೂಜೆ ಆದ್ಮೇಲೆ ನಾನೇ ಒಂದೊಂದು ಗಿಂಡಿ ಹುಯ್ತಿದ್ದೆ. ಆ ಡ್ರೈವರಿಗೆ ತೆಲೀದು. ಗಾಣದ ಎಣ್ಣೆ ಅಂದ್ರೆ ಗಷ್ಟು ಅಂತ ಅವನು ಮುಟ್ಟೋಕೂ ಬಿಡಲ್ಲ. ನನಗೆ ಹೇಳ್ದೆ ಬಿಟ್ಟೋದ್ರೆ ಈ ಕಾರು ಓಡಿಸೋನು ಈ ಸೀಮೇಲಿ ಇನ್ನೊಬ್ಬ ಇಲ್ಲ. ಅವನಿಗೆ ಹೇಳ್ಬೇಡಿ."

ಅವರಿಗೂ ಅದೇ ಮಾತು ಕೊಟ್ಟೆ.

ಒಬ್ಬನಿಗೆ ಕೆಲಸ ಹೋಗುವ ಭಯ, ಇನ್ನೊಬ್ಬರಿಗೆ ಕೆಲಸದವನು ಹೋಗುವ ಭಯ. ಇಬ್ಬರ ಗುಟ್ಟೂ ನನ್ನ ಹೊಟ್ಟೆಯಲ್ಲಿ. ಕೊಳವೆಯನ್ನು ಬೆಳಕಿಗೆ ಹಿಡಿದೆ. ತಳದಲ್ಲಿ ಕಪ್ಪು ಎಣ್ಣೆ ನಿಂತಿತ್ತು, ಮೇಲೆ ಸ್ಪಿರಿಟು ಚಹಾದ ಬಣ್ಣಕ್ಕೆ ತಿರುಗಿತ್ತು. ಮೇಲಿನದನ್ನು ನಾಲ್ಕು ಹನಿ ಚಮಚದಲ್ಲಿ ಕಾಯಿಸಿದೆ. ಸ್ಪಿರಿಟು ಹಾರಿಹೋಗಿ ಅಂಟಂಟು ಉಳಿಯಿತು; ಹರಳೆಣ್ಣೆಯ ವಾಸನೆ ಸ್ಪಷ್ಟವಾಗಿ ಬಂತು. ಯಾರ ಗುಟ್ಟೂ ಬಿಡದೆ ಹೇಳಲು ಪರೀಕ್ಷೆಯ ಸಾಕ್ಷಿ ಸಿಕ್ಕಿತು, ಎರಡೂ ಎಣ್ಣೆ ಬೆರೆತಿದೆ ಎಂದು ಖಾತ್ರಿಯಾಯಿತು. ಆ ಖಾತ್ರಿ ಐದು ನಿಮಿಷ ಇದ್ದಿರಬಹುದು. ಸ್ಪಿರಿಟು ಅಳೆದ ಗಾಜನ್ನು ತೊಳೆಯಲು ಎತ್ತಿಕೊಂಡಾಗ, ಬೆಳಿಗ್ಗೆ ಒಂದು ಮಗುವಿಗೆ ಹರಳೆಣ್ಣೆ ಅಳೆದದ್ದೂ ಅದೇ ಗಾಜಿನಲ್ಲಿ, ಸ್ವಲ್ಪ ಮುಂಚೆ ತೂಕಕ್ಕೆ ಅಳೆದದ್ದೂ ಅದರಲ್ಲೇ ಎಂದು ನೆನಪಾಯಿತು. ತೊಳೆದಿದ್ದೆನೋ ಇಲ್ಲವೋ. ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಮತ್ತೊಂದು ಸಲ ಪರೀಕ್ಷೆ ಮಾಡಬೇಕೆಂದರೆ ಲೋಟದ ಎಣ್ಣೆಯನ್ನು ಡ್ರೈವರ್ ಆಗಲೇ ಚೆಲ್ಲಿದ್ದ. ಇನ್ನೊಂದು ಸಲ ಚೇಂಬರ್ ಬಿಚ್ಚು ಎನ್ನಲು ನಾಚಿಕೆಯಾಯಿತು.

ಹೊರಗೆ ಬಂದು, "ಎರಡೂ ಬೆರೆತಿರೋ ಹಾಗೆ ಕಾಣುತ್ತೆ" ಎಂದೆ.

ಇಬ್ಬರೂ ಆಶ್ಚರ್ಯಪಟ್ಟ ಹಾಗೆ ಮುಖ ಮಾಡಿಕೊಂಡರು. "ಆ ಬಿಳಿಯೋನೇ ಬೆರೆಸಿರ್ಬೇಕು" ಎಂದರು ಸಾಹುಕಾರರು. "ಅವ್ನೇ ಇರ್ಬೇಕು" ಎಂದ ಡ್ರೈವರ್.

"ಮತ್ತೆ ಯಾವುದು ಹಾಕೋದು?"

ಪುಸ್ತಕವನ್ನು ಮಡಿಚಿ, ಸಿರಾದಲ್ಲಿ ಬಸ್ಸುಗಳ ಇಂಜಿನ್ ಬಿಚ್ಚುವ ಒಬ್ಬ ಸಾಬರಿದ್ದಾರೆ, ಅವರನ್ನು ಕೇಳೋಣ ಎಂದೆ. ಅವರ ಕೈಗೆ ಆದ ಸುಟ್ಟಗಾಯಕ್ಕೆ ನಾನು ಒಂದು ಸಲ ಪಟ್ಟಿ ಕಟ್ಟಿದ್ದೆ. ಸಾಹುಕಾರರು ಒಪ್ಪಿದರು, ಆದರೆ ನಾನೂ ಬರಬೇಕೆಂದರು. ಪುಸ್ತಕ ಓದಿದವನು ನಾನೇ ತಾನೆ.

ಡಾಕ್ಟರು ಕ್ಯಾಂಪಿನಿಂದ ಬಂದ ಮೇಲೆ ಒಂದು ಭಾನುವಾರ ಹೊರಟೆವು. ನನ್ನ ಕೈಲಿ ಪುಸ್ತಕ, ಮತ್ತೆ ಅನುಮಾನ ಬಂದರೆ ಇರಲಿ ಎಂದು ಡಾಕ್ಟರ ಅಪ್ಪಣೆ ಪಡೆದು ತಂದ ಒಂದು ಶೀಶೆ ಸ್ಪಿರಿಟ್. ಡ್ರೈವರ್ ನಿಧಾನವಾಗಿ ಓಡಿಸಿದ. ಹಿಂದೆ ನೀಲಿ ಹೊಗೆ ಬರುತ್ತಿತ್ತು. ಸಿರಾದ ಕೋಟೆಯ ಹತ್ತಿರ ತಗಡಿನ ಚಪ್ಪರದ ಕೆಳಗೆ ಸಾಬರ ಕಾರ್ಖಾನೆ. ಅರವತ್ತು ದಾಟಿದವರು, ಬಿಳಿ ಗಡ್ಡದ ತುದಿಗೂ ಎಣ್ಣೆ ಮೆತ್ತಿತ್ತು. ಕಾರನ್ನು ಕಂಡು ಎದ್ದು ಬಂದು, ಸುತ್ತ ಒಂದು ಸಲ ತಿರುಗಿ, ಕೊಳವೆಗಳನ್ನು ಕೈಯಿಂದ ಸವರಿದರು. ನಾನು ಪುಸ್ತಕ ಬಿಚ್ಚಿ, ಎರಡು ಪ್ಯಾರಾ, ಪೆನ್ಸಿಲಿನ ಬರಹ, ತಕ್ಕಡಿಯಲ್ಲಿ ತೂಗಿದ್ದು ಎಲ್ಲವನ್ನೂ ಹೇಳಿದೆ. ತೂಕದ ಮಾತಿಗೆ ಅವರು ಬಹಳ ಹೊತ್ತು ನಕ್ಕರು.

"ಅರೆ ಭಾಯ್, ಭಾರ ಅಂದ್ರೆ ತಕ್ಕಡಿ ಭಾರ ಅಲ್ಲ. ಗಟ್ಟಿ. ಮಂದ. ಬೆರಳಲ್ಲಿ ಹಿಡಿದ್ರೆ ದಾರ ಬರ್ಬೇಕು."

"ಹರಳೆಣ್ಣೆ ಮಂದವೇ ಅಲ್ಲವೆ?"

"ಮಂದವೇ."

"ಹಾಗಿದ್ರೆ ತಕ್ಕಡಿ ಹೇಳಿದ್ದೂ ಸರಿಯೇ ಆಯಿತಲ್ಲ?"

ಸಾಬರು ನಗು ನಿಲ್ಲಿಸಿ ನನ್ನನ್ನು ನೋಡಿದರು. "ಸರಿ ಆಯ್ತು. ಮಗರ್ ತಪ್ಪು ದಾರೀಲಿ ಸರಿ ಆಯ್ತು."

ನನ್ನ ತಲೆ ಇನ್ನಷ್ಟು ಕೆಟ್ಟಿತು. ಅವರು ಚೇಂಬರಿನ ಬಿರಡೆ ಬಿಚ್ಚಿ ಬಾಣಲೆಗೆ ಎಣ್ಣೆ ಬಿಟ್ಟರು. ಬೆರಳಲ್ಲಿ ಉಜ್ಜಿದರು, ಮೂಸಿದರು, ಒಂದು ಬಟ್ಟೆಯ ಬತ್ತಿಗೆ ಹಚ್ಚಿ ಸುಟ್ಟರು. ಸ್ಪಿರಿಟ್ಟು, ಕೊಳವೆ ಯಾವುದೂ ಬೇಕಾಗಲಿಲ್ಲ.

"ಎರಡೂ ಇದೆ. ಯಾರು ಹಾಕಿದ್ದು?"

ಸಾಹುಕಾರರು ಕೋಟೆಯ ಕಡೆ ನೋಡುತ್ತಿದ್ದರು. ಡ್ರೈವರ್ ಟೈರಿಗೆ ಸಿಕ್ಕಿದ ಮುಳ್ಳು ಕೀಳುತ್ತಿದ್ದ. ನಾನು ಪುಸ್ತಕ ನೋಡುತ್ತಿದ್ದೆ. ಸಾಬರು ಮೂವರನ್ನೂ ಒಂದು ಸಲ ನೋಡಿ ಮತ್ತೆ ಕೇಳಲಿಲ್ಲ.

"ಸುನೋ ಸಾವ್ಕಾರ್. ಈ ಇಂಜಿನ್ನಿಗೆ ತಿದಿ ಇದೆ. ಗಾಳಿ ಜಾಸ್ತಿ ಹೋದ್ರೆ ಬೆಂಕಿ ಜಾಸ್ತಿ. ಬೆಂಕೀಲಿ ತೆಳು ಎಣ್ಣೆ ನೀರಾಗ್ತದೆ. ಹರಳೆಣ್ಣೆ ಆಗಲ್ಲ, ಆ ಮಾತು ಸಚ್. ಮಗರ್ ಅದು ನಿಂತ್ರೆ ಗೋಂದು. ದಿನಾ ಓಡಿ, ದಿನಾ ಬಿಚ್ಚಿ, ತೊಳೆದು ಹೊಸದು ಹಾಕೋರಿಗೆ ಅದು. ನೀವು ವಾರಕ್ಕೆ ಎಷ್ಟು ದಿನ ಓಡಿಸ್ತೀರಿ?"

ಈ ಪ್ರಶ್ನೆಯನ್ನು ನಾನು ಕೇಳಿಯೇ ಇರಲಿಲ್ಲ. ಕಾರು ಎಷ್ಟು ಜೋರಾಗಿ ಓಡುತ್ತದೆ ಎಂದು ಯೋಚಿಸಿದ್ದೆನೇ ಹೊರತು, ಎಷ್ಟು ದಿನ ಸುಮ್ಮನೆ ನಿಂತಿರುತ್ತದೆ ಎಂದು ಯೋಚಿಸಿರಲಿಲ್ಲ.

"ಒಂದಿನ" ಎಂದರು ಸಾಹುಕಾರರು. "ಸುಗ್ಗೀಲಿ ಅದೂ ಇಲ್ಲ."

"ಹಾಗಾದ್ರೆ ಡಬ್ಬದ್ದು. ಮಂದದ್ದು. ಎರಡರಲ್ಲಿ ಒಂದು ಹಾಕಿ ಬದುಕಬಹುದು, ಎರಡೂ ಹಾಕಿ ಬದುಕೋಕಾಗಲ್ಲ."

ಸಾಹುಕಾರರ ಮುಖ ಸಣ್ಣಗಾಯಿತು. ಹರಳಿನ ವ್ಯಾಪಾರ ಮಾಡುವ ಮನೆಯ ಕಾರಿಗೆ ಪರದೇಶದ ಎಣ್ಣೆಯೇ ಗತಿ ಎಂದದ್ದು ಅವರಿಗೆ ನಾಟಿರಬೇಕು. ಆದರೂ ತಲೆಯಾಡಿಸಿದರು. ಸಾಬರು ಮಧ್ಯಾಹ್ನದವರೆಗೆ ಇಂಜಿನ್ನಿನ ಒಳಗೆ ತೆಳ್ಳನೆಯ ಎಣ್ಣೆ ಹಾಕಿ ಅಲುಗಿಸಿ, ತೆಗೆದು, ಮತ್ತೆ ಹಾಕಿ, ತೆಗೆದು, ಕೊನೆಗೆ ಬಸ್ಸುಗಳಿಗೆಂದು ಇಟ್ಟಿದ್ದ ಮಂದ ಎಣ್ಣೆಯ ಡಬ್ಬ ಒಡೆದು ತುಂಬಿದರು. "ಒಳಗೆ ಗೋಂದು ಎಲ್ಲಾ ಸಾಫ್ ಆಗಿದೆ ಅಂತ ನಾನು ಹೇಳಲ್ಲ. ಎಣ್ಣೆ ಮುಳ್ಳಿನ ಮೇಲೆ ಕಣ್ಣಿಡು" ಎಂದು ಡ್ರೈವರಿಗೆ ಹೇಳಿದರು.

ವಾಪಸು ಬರುವಾಗ ಸಾಹುಕಾರರೇ ಓಡಿಸುತ್ತೇನೆ ಎಂದರು. ನೆಟ್ಟನೆಯ ರಸ್ತೆಯಲ್ಲಿ ಹಿಡಿಯುವಷ್ಟು ಡ್ರೈವರನಿಂದ ಕಲಿತಿದ್ದರಂತೆ. ಡ್ರೈವರ್ ಅವರ ಪಕ್ಕ, ನಾನು ಹಿಂದೆ. ಹೊಗೆ ಇಲ್ಲ, ಇಂಜಿನ್ನಿನ ದನಿ ಮೆತ್ತಗಾಗಿತ್ತು. ಬಡವನಹಳ್ಳಿಗೆ ಸ್ವಲ್ಪ ಮುಂಚೆ ರಸ್ತೆ ನೆಟ್ಟಗೆ ಹೋಗುತ್ತದೆ. ಅಲ್ಲಿ ಬಂಡಿ ಇಲ್ಲ, ದನ ಇಲ್ಲ. ಸಾಹುಕಾರರು ರುಮಾಲನ್ನು ಒಂದು ಕೈಯಲ್ಲಿ ಒತ್ತಿಕೊಂಡರು. ಏನಾಗುತ್ತದೆ ಎಂದು ನಾನು ತಿಳಿಯುವಷ್ಟರಲ್ಲಿ ಕಾರು ಕೂಗಿತು.

ಅಂಥ ಸದ್ದನ್ನು ನಾನು ಮತ್ತೆ ಕೇಳಿಲ್ಲ. ಹೆರಿಗೆಯ ನೋವಿನ ಕೂಗು, ಮೂಳೆ ಕೂಡಿಸುವಾಗಿನ ಕೂಗು ಎಲ್ಲ ಕೇಳಿದವನು ನಾನು. ಇದು ನೋವೋ ಸಂತೋಷವೋ ಗೊತ್ತಾಗದ ಕೂಗು. ನನ್ನ ಬೆನ್ನು ಸೀಟಿಗೆ ಅಂಟಿಕೊಂಡಿತು. ಕೈಯಲ್ಲಿದ್ದ ಪುಸ್ತಕ ಎದೆಗೆ ಒತ್ತಿತು. ಹೆದರಿಕೆ ಆಯಿತು ಎಂದು ಹೇಳಬೇಕು. ಆದರೆ ಇನ್ನೂ ಸ್ವಲ್ಪ ಕೂಗಲಿ ಎಂದೂ ಅನ್ನಿಸಿತು. ಎರಡೂ ಒಟ್ಟಿಗೇ ಅನ್ನಿಸಿತು.

"ಬುಡಿ ಸಾವ್ಕಾರ್ರೆ" ಎಂದ ಡ್ರೈವರ್. "ಮುಳ್ಳು ಬಿತ್ತು, ಬುಡಿ."

ಸಾಹುಕಾರರು ಕಾಲು ತೆಗೆದು, ರಸ್ತೆಯ ಪಕ್ಕದ ಹೊಂಗೆಮರದ ಕೆಳಗೆ ನಿಲ್ಲಿಸಿದರು. ಡ್ರೈವರ್ ಬಾನೆಟ್ ಎತ್ತಿ, ಎಣ್ಣೆ ಸೋಸುವ ಜಾಲರಿಯನ್ನು ಬಿಚ್ಚಿ ತೆಗೆದ. ಜಾಲರಿಯ ಕಣ್ಣುಗಳೆಲ್ಲ ಮುಚ್ಚಿದ್ದವು. ಬೆಲ್ಲದ ಪಾಕ ಆರಿ ಗಟ್ಟಿಯಾದ ಹಾಗೆ ಕಂದು ಬಣ್ಣದ ಅಂಟು. ಹಳೆಯ ಹರಳೆಣ್ಣೆಯ ಗಷ್ಟು ಇಂಜಿನ್ನಿನ ಮೂಲೆಮೂಲೆಯಿಂದ ಕಿತ್ತು ಬಂದು ಅಲ್ಲಿ ಕೂತಿತ್ತು. ಅವನು ಜಾಲರಿಯನ್ನು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ತಲೆ ಎತ್ತದೆ ಹೇಳಿದ.

"ಸಾವ್ಕಾರ್ರೆ, ಬಿಳಿಯೋರು ಹಾಕಿದ್ದಲ್ಲ. ನಾನು ಹುಯ್ದಿದ್ದೆ. ಒಂದ್ಪಾವು. ದಾರೀಲಿ ಎಣ್ಣೆ ಸಾಲ್ದೆ ಬಂದಿತ್ತು."

ಸಾಹುಕಾರರು ರುಮಾಲು ತೆಗೆದು, ಮಡಿಕೆ ಸರಿಮಾಡಿ, ಮತ್ತೆ ಇಟ್ಟುಕೊಂಡರು. ನಾನು ನೆಲ ನೋಡುತ್ತಿದ್ದೆ.

"ಒಂದು ಪಾವಿಗೆ ಇಷ್ಟು ಗೋಂದು ಆಗಲ್ಲ ಲೇ" ಎಂದರು ಕೊನೆಗೆ. "ನೇನೂ ಹುಯ್ತಿದ್ದೆ. ವಾರವಾರ."

ಡ್ರೈವರ್ ತಲೆ ಎತ್ತಿ ನೋಡಿದ. "ನೀವಾ?"

"ನಾನೇ. ಕಾಂಪೌಂಡರಿಗೆ ತೆಲುಸು."

"ನಂದೂ ಅವ್ರಿಗೆ ಗೊತ್ತಿತ್ತು."

ಇಬ್ಬರೂ ನನ್ನ ಕಡೆ ತಿರುಗಿದರು. ಮೊದಲೇ ಹೇಳಿದ್ದರೆ ಇಷ್ಟು ದೂರ ಬರಬೇಕಿರಲಿಲ್ಲ ಎಂದು ಅಂದುಕೊಂಡರೋ, ಹೇಳದೆ ಇದ್ದದ್ದು ಒಳ್ಳೆಯದಾಯಿತು ಎಂದು ಅಂದುಕೊಂಡರೋ. ಮುಖ ನೋಡಿ ಹೇಳಲಾಗಲಿಲ್ಲ. ನಾನು ಸ್ಪಿರಿಟಿನ ಶೀಶೆಯನ್ನು ಮುಂದೆ ಚಾಚಿದೆ. ಡ್ರೈವರ್ ತನ್ನ ತಿಂಡಿಯ ಡಬ್ಬಿಯ ಮುಚ್ಚಳದಲ್ಲಿ ಜಾಲರಿಯಿಟ್ಟು ಅದನ್ನು ಸುರಿದ. ಸ್ವಲ್ಪ ಹೊತ್ತು ನೆನೆದ ಮೇಲೆ ಅಂಟು ಮೆತ್ತಗಾಗಿ ಪದರ ಪದರವಾಗಿ ಬಿಟ್ಟುಕೊಂಡಿತು. ಸಾಹುಕಾರರು ತಾವೇ ಬೇವಿನ ಕಡ್ಡಿ ಮುರಿದು ತಂದು ಕುಕ್ಕುರುಗಾಲಲ್ಲಿ ಕುಳಿತು ಜಾಲರಿಯ ಕಣ್ಣು ಬಿಡಿಸಿದರು. ಅವರಂಥವರು ರಸ್ತೆಯ ಪಕ್ಕ ಹಾಗೆ ಕುಳಿತದ್ದನ್ನು ಕಂಡು, ಅಷ್ಟೊತ್ತಿಗೆ ಬಂದ ಬಂಡಿಯವನೊಬ್ಬ ಎತ್ತು ನಿಲ್ಲಿಸಿ ನೋಡಿ, ಏನೂ ಕೇಳದೆ ಮುಂದಕ್ಕೆ ಹೋದ.

ಜಾಲರಿ ಕೂಡಿಸಿ, ಇಂಜಿನ್ ಚಾಲು ಮಾಡಿದಾಗ ಮುಳ್ಳು ಮೇಲೆ ಹೋಗಿ ನಿಂತಿತು. ಈ ಸಲ ಡ್ರೈವರ್ ಓಡಿಸುವ ಜಾಗಕ್ಕೆ ಕುಳಿತ. ಸಾಹುಕಾರರು ನನ್ನನ್ನು ಕೇಳಿದರು.

"ಇನ್ನೊಂದ್ಸಲ ತುಳಿದ್ರೆ ಏನಾಗ್ತದೆ? ಪುಸ್ತಕದಲ್ಲಿ ಏನೈತೆ?"

ಪುಸ್ತಕ ನನ್ನ ತೊಡೆಯ ಮೇಲಿತ್ತು. ನಾನು ಅದನ್ನು ಬಿಚ್ಚಲಿಲ್ಲ.

"ನನಗೆ ಗೊತ್ತಿಲ್ಲ ಸಾಹುಕಾರರೆ. ಪುಸ್ತಕ ನನಗೆ ಅರ್ಥ ಆಗಿಲ್ಲ. ಅವತ್ತೂ ಆಗಿರಲಿಲ್ಲ. ಪರೀಕ್ಷೆಯ ದಿನ ಗಾಜು ತೊಳೆದಿದ್ದೆನೋ ಇಲ್ಲವೋ, ಅದೂ ಗೊತ್ತಿಲ್ಲ."

ಬೈಯುತ್ತಾರೆ ಎಂದುಕೊಂಡಿದ್ದೆ. ಸಾಹುಕಾರರು ಹಾಯಾಗಿ ಹಿಂದಕ್ಕೆ ಒರಗಿ, "ಹಾಗಾದ್ರೆ ಬೇಡ. ನಿಧಾನಕ್ಕೆ ನಡಿ" ಎಂದರು. ಮಧುಗಿರಿಯ ಬೆಟ್ಟ ಕಾಣುವವರೆಗೂ ಕಾರು ಎತ್ತಿನ ಬಂಡಿಯನ್ನು ದಾಟಲೋ ಬೇಡವೋ ಎನ್ನುವಂತೆ ಹೋಯಿತು. ಇಬ್ಬರೂ ದಾರಿಯುದ್ದಕ್ಕೂ ತಾವು ಎಷ್ಟೆಷ್ಟು ಹುಯ್ದಿದ್ದೆವು, ಯಾವ ಯಾವ ದಿನ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಒಂದೇ ದಿನ ಬೆಳಿಗ್ಗೆ ಸಾಹುಕಾರರು ಹುಯ್ದು, ಸಂಜೆ ಅಳತೆ ಕಡ್ಡಿಯಲ್ಲಿ ಎಣ್ಣೆ ಹೆಚ್ಚಾಗಿದ್ದನ್ನು ಕಂಡು ಡ್ರೈವರ್ ಹೆದರಿ ಒಂದಷ್ಟು ಬಸಿದು ಚೆಲ್ಲಿದ್ದೂ ಆಗಿತ್ತಂತೆ. ಅಂದಮೇಲೆ ಒಳಗೆ ಎಷ್ಟು ಯಾವುದಿತ್ತು ಎಂದು ದೇವರಿಗೂ ತಿಳಿಯದು.

ಆಮೇಲೆ ಎರಡು ವರ್ಷ ಕಾರು ಡಬ್ಬದ ಎಣ್ಣೆಯಲ್ಲಿ ತೊಂದರೆಯಿಲ್ಲದೆ ಓಡಿತು. ಯುದ್ಧ ಬಂದಿತು, ಪೆಟ್ರೋಲಿಗೆ ರೇಷನ್ ಚೀಟಿ ಬಂತು. ಅಷ್ಟು ಕುಡಿಯುವ ಕಾರನ್ನು ಇಟ್ಟುಕೊಳ್ಳುವುದು ಸಾಹುಕಾರರಿಗೂ ಕಷ್ಟವಾಗಿ, ಕೊಟ್ಟಿಗೆಯಲ್ಲಿ ಸ್ವಲ್ಪ ಕಾಲ ನಿಂತಿದ್ದು, ಬೆಂಗಳೂರಿನವರು ಯಾರಿಗೋ ಹೋಯಿತು. ನನಗೆ ಕೊರಟಗೆರೆಗೆ ವರ್ಗವಾಯಿತು. ಡ್ರೈವರ್ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ಸೇರಿದ. ಬಸ್ಸು ಕೊರಟಗೆರೆಯಲ್ಲಿ ನಿಂತಾಗ ಒಂದೊಂದು ಸಲ ಆಸ್ಪತ್ರೆಯ ಜಗಲಿಗೆ ಬಂದು ಕುಳಿತು ಮಾತಾಡಿ ಹೋಗುತ್ತಿದ್ದ.

ಅಂಥ ಒಂದು ದಿನ ಅವನು ಹೇಳಿದ: ಬೆಂಗಳೂರಿನಲ್ಲಿ ಆ ಬಿಳಿ ಅಧಿಕಾರಿಯ ಹಳೆಯ ಬಟ್ಲರ್ ಸಿಕ್ಕಿದ್ದನಂತೆ. ದೊರೆ ತನ್ನ ಕಾರಿಗೆ ಹರಳೆಣ್ಣೆ ಬಿಟ್ಟು ಬೇರೆ ಮುಟ್ಟಿಸುತ್ತಲೇ ಇರಲಿಲ್ಲ, ಹದಿನೈದು ದಿನಕ್ಕೊಮ್ಮೆ ತಾನೇ ಬಿಚ್ಚಿ ತೊಳೆದು ಹೊಸದು ಹುಯ್ಯುತ್ತಿದ್ದ ಅಂತ ಬಟ್ಲರ್ ಹೇಳಿದನಂತೆ.

"ಅಂಗಾರೆ ಸ್ವಾಮಿ, ಮೊದ್ಲಿಂದ ಇದ್ದಿದ್ದು ಹರಳೆಣ್ಣೆ. ಕಲಬೆರಕೆ ಮಾಡಿದ್ದು ನಾನು ತಂದ ಡಬ್ಬದ್ದು. ಅಲ್ವ?"

"ನೀನು ಅವನ ಮನೆಯಲ್ಲೇ ಇದ್ದೆಯಲ್ಲ. ನಿನಗೆ ಗೊತ್ತಿರಲಿಲ್ಲವೆ?"

"ನಾನು ತೊಳ್ಯೋನು ಸ್ವಾಮಿ. ಬಾನೆಟ್ ಎತ್ತೋಕೆ ನನ್ನ ಬುಡ್ತಿರ್ಲಿಲ್ಲ."

ಬಟ್ಲರ್ ಹೇಳಿದ್ದು ಆ ಕಾರಿನ ಮಾತೋ, ಅದಕ್ಕೂ ಹಿಂದಿನ ಕಾರಿನ ಮಾತೋ ಎಂದು ಕೇಳಿದೆ. ಅದನ್ನು ಕೇಳಬೇಕೆಂದು ಅವನಿಗೆ ಹೊಳೆದಿರಲಿಲ್ಲ. ಪೆನ್ಸಿಲಿನ 'ಕೂಡದು' ಯಾವ ಪ್ಯಾರಾದ್ದು ಎಂಬುದು ಹಾಗೆಯೇ ಉಳಿಯಿತು. ಬಸ್ಸಿನ ಕ್ಲೀನರ್ ರಸ್ತೆಯಿಂದ ಕರೆದ. ಡ್ರೈವರ್ ಎದ್ದು ಕೋಟಿನ ಬೂದಿ ಕೊಡವಿಕೊಂಡು ಮಧುಗಿರಿಯ ಕಡೆ ಬಸ್ಸು ಬಿಟ್ಟ.